ಟ್ಯೂಲಿಪ್ ಫೋಟೋ ತೆಗೆದಾಯ್ತಾ? ಈಗ ಪಕ್ಕದ ಕಾಲುವೆ ನೋಡಿ

ನಮಸ್ಕಾರ ಎಲ್ರಿಗೂ. ಏಪ್ರಿಲ್ ಬಂತು ಅಂದ್ರೆ ಸಾಕು, ನನ್ನ ಫೋನಿಗೆ ಊರಿಂದ ಒಂದೇ ಥರ ಮೆಸೇಜ್ ಶುರು, ಟ್ಯೂಲಿಪ್ ಅರಳಿದ್ವಾ, ಯಾವಾಗ ಬಂದ್ರೆ ಒಳ್ಳೇದು, ವಿಂಡ್‌ಮಿಲ್ ನೋಡೋಕೆ ಒಂದು ದಿನ ಸಾಕಾಗುತ್ತಾ ಅಂತ. ಬನ್ನಿ, ಖಂಡಿತ ಬನ್ನಿ, ನಮ್ಮನೇಲೇ ಉಳ್ಕೊಳ್ಳಿ. ಆದ್ರೆ ನಾನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಇಷ್ಟು ವರ್ಷ ಇದ್ದು, ವಾರಕ್ಕೊಂದು ಸಲನಾದ್ರೂ ಸೈಕಲ್ ಹತ್ತಿ ಹೊಲದ ಕಡೆ ಹೋಗಿ ಬಂದು, ನನ್ನ ಮನಸ್ಸಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ, ಅದನ್ನ ಇವತ್ತು ಹೇಳ್ಬಿಡ್ತೀನಿ. ನೆದರ್‌ಲ್ಯಾಂಡ್ಸ್‌ನ ಹಳ್ಳಿ ಕಡೆ ನಾವು ಚೆಂದ ಅಂತ ಫೋಟೋ ಹೊಡೆಯೋ ವಿಂಡ್‌ಮಿಲ್, ಹಸು, ಚೀಸು, ಮರದ ಚಪ್ಪಲಿ, ಬೋಳು ಮರ, ಹೂವಿನ ಪಟ್ಟೆ, ಎಲ್ಲಾ ನೀರಿನ ಜೊತೆ ಹೆಣಗಾಡಿದ್ರಿಂದ ಬಂದಿದ್ದು. ಆ ನೀರನ್ನ ಬಿಟ್ಟು ನೋಡಿದ್ರೆ ಇಲ್ಲಿ ಏನೂ ನೋಡಿದ ಹಾಗಲ್ಲ.

ನೀವು ಇಳಿಯೋ ಜಾಗದಿಂದಲೇ ನೋಡಿ. ಸ್ಕಿಪೋಲ್ ಏರ್‌ಪೋರ್ಟ್ ಇರೋದು ಹಳೇ ಕೆರೆಯೊಂದರ ತಳದಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗೆ. ಹಾರ್ಲೆಮರ್‌ಮೇರ್ ಅನ್ನೋ ಆ ದೊಡ್ಡ ಕೆರೆಯನ್ನ 1849ರಿಂದ 1852ರವರೆಗೆ ಮೂರು ಉಗಿ ಪಂಪ್ ಸ್ಟೇಷನ್ ಇಟ್ಟು ಖಾಲಿ ಮಾಡಿದ್ರು. ಸೂಟ್‌ಕೇಸ್ ಎಳ್ಕೊಂಡು ಹೋಗ್ತೀವಲ್ಲ, ಅಲ್ಲಿ ಒಂದು ಕಾಲದಲ್ಲಿ ದೋಣಿ ಓಡಾಡ್ತಿದ್ವು. ದೇಶದ ಹೆಚ್ಚುಕಡಿಮೆ ಕಾಲು ಭಾಗ ಹೀಗೇ ಸಮುದ್ರಕ್ಕಿಂತ ತಗ್ಗಲ್ಲಿದೆ. ಸುತ್ತ ಏರಿ ಕಟ್ಟಿ, ಒಳಗಿನ ನೀರನ್ನ ಮೇಲೆತ್ತಿ ಹೊರಗೆ ಹಾಕಿ ಮಾಡ್ಕೊಂಡಿರೋ ಇಂಥ ನೆಲಕ್ಕೆ ಪೋಲ್ಡರ್ ಅಂತಾರೆ. ನಮ್ಮ ಕಡೆ ಏರಿ ಕಟ್ಟೋದು ನೀರು ಒಳಗೆ ನಿಲ್ಲಲಿ ಅಂತ, ಇಲ್ಲಿ ಕಟ್ಟೋದು ನೀರು ಹೊರಗೆ ನಿಲ್ಲಲಿ ಅಂತ, ಈ ಒಂದು ವ್ಯತ್ಯಾಸ ತಲೇಲಿ ಇಟ್ಕೊಂಡ್ರೆ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗುತ್ತೆ.

ಬೇಮ್‌ಸ್ಟರ್ ಅಂತ ಒಂದು ಪೋಲ್ಡರ್ ಇದೆ, ಆಮ್‌ಸ್ಟರ್‌ಡ್ಯಾಮ್‌ನಿಂದ ಉತ್ತರಕ್ಕೆ. ಅದೂ ಕೆರೆನೇ. ಆಮ್‌ಸ್ಟರ್‌ಡ್ಯಾಮ್ ವ್ಯಾಪಾರಿಗಳು ದುಡ್ಡು ಹಾಕಿ 1607ರಲ್ಲಿ ಕೆಲಸ ಶುರು ಮಾಡಿದ್ರು, 1610ರಲ್ಲಿ ಬಿರುಗಾಳಿಗೆ ಏರಿ ಒಡೆದು ನೀರು ಮತ್ತೆ ಒಳಗೆ ನುಗ್ತು, ಅಷ್ಟಾದ್ರೂ ಬಿಡಲಿಲ್ಲ, ಮತ್ತೆ ಕಟ್ಟಿ 1612ರಲ್ಲಿ ನೆಲ ಒಣಗಿಸೇ ಬಿಟ್ರು, ಅದೂ ಬರೀ ಗಾಳಿಯಿಂದ. ಒಂದು ವಿಂಡ್‌ಮಿಲ್ ನೀರನ್ನ ಎತ್ತೋದು ಹೆಚ್ಚಂದ್ರೆ ಒಂದೂವರೆ ಮೀಟರ್. ಹಾಗಾಗಿ ಒಂದರ ಹಿಂದೆ ಒಂದು ನಿಲ್ಲಿಸ್ತಿದ್ರು, ಮೊದಲನೇದು ಎತ್ತಿ ಎರಡನೇದಕ್ಕೆ, ಎರಡನೇದು ಎತ್ತಿ ಮೂರನೇದಕ್ಕೆ, ಮೆಟ್ಟಿಲು ಹತ್ತಿಸಿದ ಹಾಗೆ. ಅಲ್ಲಿ ಹೋದಾಗ ಪೋಲ್ಡರ್ ಸುತ್ತ ಇರೋ ಕಾಲುವೆಯ ಏರಿ ಮೇಲೆ ನಿಂತು ನೋಡಿ, ಕಾಲುವೆ ನೀರು ಒಂದು ಪಕ್ಕ ನಿಮ್ಮ ಕಾಲ ಮಟ್ಟದಲ್ಲಿರುತ್ತೆ, ಇನ್ನೊಂದು ಪಕ್ಕ ಮನೆ, ಹೊಲ, ಹಸು ಎಲ್ಲಾ ತಗ್ಗಲ್ಲಿರುತ್ತೆ. ಹಸು ತಲೆಗಿಂತ ಎತ್ತರದಲ್ಲಿ ದೋಣಿ ಹೋಗ್ತಿರುತ್ತೆ. ಮೊದಲ ಸಲ ನೋಡಿದಾಗ ನನಗೆ ಎದೆ ಝಲ್ ಅಂದಿತ್ತು, ನಿಜವಾಗ್ಲೂ.

ವಿಂಡ್‌ಮಿಲ್ ಅಂದ್ರೆ ಎಲ್ರೂ ಹೋಗೋದು ಕಿಂಡರ್‌ಡೈಕ್‌ಗೆ. 19 ಇವೆ ಅಲ್ಲಿ, ಹೆಚ್ಚಿನವು 1738–40ರ ಹೊತ್ತಿಗೆ ಕಟ್ಟಿದ್ದು, 1997ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹೋಗಿ, ಆದ್ರೆ ಹೊರಗೆ ನಿಂತು ಫೋಟೋ ತೆಗೆದು ಬಸ್ಸು ಹತ್ತಬೇಡಿ, ದಯವಿಟ್ಟು ಒಂದರೊಳಗಾದ್ರೂ ಹತ್ತಿ. ಮೇ ತಿಂಗಳ ಎರಡನೇ ವಾರಾಂತ್ಯಕ್ಕೆ ದೇಶದ ತುಂಬಾ ಮಿಲ್‌ಗಳನ್ನ ಜನರಿಗೆ ತೆರೀತಾರೆ, ನಾನು ಹಾಗೆ ಒಂದು ಸಣ್ಣ ಮಿಲ್ ಹತ್ತಿದ್ದೆ. ಏಣಿ ಅಂದ್ರೆ ನಮ್ಮ ಅಟ್ಟದ ಏಣಿಗಿಂತ ಕಡಿದು, ಮೇಲೆ ಹೋದ್ರೆ ಆಳೆತ್ತರದ ಮರದ ಚಕ್ರ, ಹಲ್ಲುಗಳೂ ಮರದ್ದೇ, ಸವೀಬಾರ್ದು ಅಂತ ಅದಕ್ಕೆ ಜೇನುಮೇಣ ಹಚ್ಚಿರ್ತಾರೆ. ಗಾಳಿ ಬೀಸಿದಾಗ ಇಡೀ ಕಟ್ಟಡ ಒಂಥರಾ ಮುಲುಗುತ್ತೆ, ಹಳೇ ಎತ್ತಿನಗಾಡಿ ಏರು ಹತ್ತುವಾಗ ಬರೋ ಸದ್ದು. ಕೆಳಗೆ ಬಂದ್ರೆ ಅಲ್ಲಿನ ಅಜ್ಜ ಒಬ್ರು ರೆಕ್ಕೆಗೆ ಬಟ್ಟೆ ಕಟ್ತಿದ್ರು. ಹಡಗಿನ ಹಾಯಿ ಥರಾನೇ, ಗಾಳಿ ಕಡಿಮೆ ಇದ್ರೆ ಪೂರ್ತಿ ಬಿಚ್ಚೋದು, ಜೋರಿದ್ರೆ ಸುತ್ತಿಡೋದು. ಆಮೇಲೆ ಹಿಂದೆ ಇರೋ ಬಾಲದ ಚಕ್ರ ತಿರುಗಿಸಿ ಮಿಲ್ಲಿನ ಟೋಪಿನೇ ಗಾಳಿ ಬರೋ ದಿಕ್ಕಿಗೆ ತಿರುಗಿಸಿದ್ರು. ಸಂಬಳ ಇಲ್ಲ ಅವರಿಗೆ. ಇಲ್ಲಿ ಇಂಥವರು ಬಿಡುವಿನ ದಿನಗಳಲ್ಲಿ ಕಲಿತು, ಪರೀಕ್ಷೆ ಪಾಸ್ ಮಾಡಿ ಮಿಲ್ ನಡೆಸ್ತಾರೆ. 2017ರಲ್ಲಿ ಯುನೆಸ್ಕೋ ಗೌರವ ಕೊಟ್ಟಿದ್ದು ಈ ಕಸುಬಿಗೆ, ಅದು ನನಗೆ ತುಂಬಾ ಸರಿ ಅನ್ಸುತ್ತೆ, ಯಾಕಂದ್ರೆ ತಿರುಗದೇ ನಿಂತ ಮಿಲ್ ಬೇಗ ಹಾಳಾಗುತ್ತೆ.

ಆ ಅಜ್ಜನೇ ಇನ್ನೊಂದು ವಿಷಯ ತೋರಿಸಿದ್ರು. ಮಿಲ್ ನಿಂತಿರುವಾಗ ರೆಕ್ಕೆ ಎಲ್ಲಿ ನಿಂತಿದೆ ಅನ್ನೋದೂ ಒಂದು ಮಾತಂತೆ. ಮೇಲಿನ ರೆಕ್ಕೆ ನೆಟ್ಟಗಾಗೋಕೆ ಸ್ವಲ್ಪ ಮುಂಚೆ ನಿಲ್ಲಿಸಿದ್ರೆ ಮನೇಲಿ ಶುಭ, ಮದುವೆನೋ ಮಗುನೋ ಏನೋ ಒಂದು. ನೆಟ್ಟಗಾಗಿ ಸ್ವಲ್ಪ ದಾಟಿದ ಮೇಲೆ ನಿಲ್ಲಿಸಿದ್ರೆ ಸಾವು. 2014ರ ಜುಲೈನಲ್ಲಿ ಎಂಎಚ್17 ವಿಮಾನ ದುರಂತಕ್ಕೆ ದೇಶ ಶೋಕ ಆಚರಿಸಿದ ದಿನ ಎಷ್ಟೋ ಮಿಲ್‌ಗಳು ಹಾಗೆ ನಿಂತಿದ್ವು. ಫೋನ್ ಇಲ್ಲದ ಕಾಲದಲ್ಲಿ ಬಯಲಲ್ಲಿ ಮೈಲಿ ದೂರದಿಂದ ಅಕ್ಕಪಕ್ಕದೋರು ಇದನ್ನ ನೋಡಿ ಬರ್ತಿದ್ರು ಅಂದ್ಕೊಂಡ್ರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಈಗ ಹಸು ವಿಷಯ. ನಮ್ಮ ಚಿಕ್ಕಮ್ಮನ ಮನೆ ಚಿಂತಾಮಣಿ ಹತ್ರ, ಅಲ್ಲಿ ಕೊಟ್ಟಿಗೇಲಿ ಎರಡು ಎಚ್‌ಎಫ್ ಹಸು, ಬೇಸಿಗೇಲಿ ಏದುಸಿರು ಬಿಡುತ್ತೆ ಅಂತ ಅದಕ್ಕೆ ಫ್ಯಾನ್ ಹಾಕಿದ್ದಾರೆ. ಎಚ್‌ಎಫ್ ಎಚ್‌ಎಫ್ ಅಂತ ಹುಟ್ಟಿದಾಗಿಂದ ಕೇಳಿದ್ದೀನಿ, ಅದರಲ್ಲಿರೋ ಎಫ್ ಅಂದ್ರೆ ಫ್ರೀಸಿಯನ್, ಅಂದ್ರೆ ಇಲ್ಲಿನ ಫ್ರೀಸ್‌ಲ್ಯಾಂಡ್ ಕಡೆಯ ತಳಿ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಚಳಿಗಾಲ ಪೂರ್ತಿ ಕೊಟ್ಟಿಗೇಲಿದ್ದ ಹಸುಗಳನ್ನ ವಸಂತದಲ್ಲಿ ಹುಲ್ಲಿಗೆ ಬಿಡೋದನ್ನ ನೋಡೋಕೆ ಜನ ಮಕ್ಕಳು ಮರಿ ಕಟ್ಕೊಂಡು ಬರ್ತಾರೆ. ಗೇಟ್ ತೆಗೆದ ತಕ್ಷಣ ಅಷ್ಟು ದೊಡ್ಡ ಹಸುಗಳು ಕರು ಥರ ಹಿಂಗಾಲು ಎತ್ತಿ ಕುಣಿಯುತ್ತೆ, ಕೆಚ್ಚಲು ಆ ಕಡೆ ಈ ಕಡೆ ಅಲ್ಲಾಡ್ತಾ. ವಿಡಿಯೋ ಮಾಡಿ ಚಿಕ್ಕಮ್ಮಂಗೆ ಕಳಿಸಿದೆ. "ಪಾಪ ಕಣೋ, ನಮ್ಮವು ಇಂಥ ಹುಲ್ಲು ನೋಡೇ ಇಲ್ಲ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಆದ್ರೆ ಇಷ್ಟೊಂದು ಹುಲ್ಲು ಯಾಕೆ, ಹಸು ಯಾಕೆ ಅಂತ ಕೇಳಿ. ಪಶ್ಚಿಮದ ಕಡೆ ನೆಲದಲ್ಲಿ ಬಹಳಷ್ಟು ಕಡೆ ಪೀಟ್ ಇದೆ, ಅರೆಕೊಳೆತ ಗಿಡಗಂಟಿ ಸಾವಿರಾರು ವರ್ಷ ನೀರಲ್ಲಿ ನೆನೆದು ಆಗಿರೋ ಕಪ್ಪು ಮಣ್ಣು, ಕೈಗೆ ತಗೊಂಡು ಹಿಂಡಿದ್ರೆ ಸ್ಪಂಜ್ ಥರ ನೀರು ಬರುತ್ತೆ. ಸುಮಾರು ಸಾವಿರ ವರ್ಷದ ಹಿಂದೆ ಜನ ಅಲ್ಲಿ ಕಾಲುವೆ ತೋಡಿ ನೀರು ಬಸಿದು ಧಾನ್ಯ ಬೆಳೆಯೋಕೆ ಹೊರಟ್ರು. ನೀರು ಬಸಿದ್ರೆ ಪೀಟ್‌ಗೆ ಗಾಳಿ ತಾಗುತ್ತೆ, ತಾಗಿದ್ರೆ ಅದು ಕೊಳೆತು ಕರಗಿ ಹೋಗುತ್ತೆ, ನೆಲ ಕುಸಿಯುತ್ತೆ, ಕುಸಿದ್ರೆ ಮತ್ತೆ ಒದ್ದೆ, ಮತ್ತೆ ಬಸಿಬೇಕು. ಕೊನೆಗೆ ಧಾನ್ಯಕ್ಕೆ ಆಗದಷ್ಟು ಒದ್ದೆ ಆಗಿ ಹುಲ್ಲೊಂದೇ ಗತಿ ಆಯ್ತು, ಹುಲ್ಲಿದ್ರೆ ಹಸು, ಹಸು ಇದ್ರೆ ಹಾಲು, ಹಾಲು ಕೆಡಬಾರ್ದು ಅಂದ್ರೆ ಚೀಸು. ಗೌಡ ಚೀಸ್ ಅಂತ ಅಂಗಡೀಲಿ ನೋಡ್ತೀವಲ್ಲ, ಅದರ ಹಿಂದೆ ಇಷ್ಟು ಕಥೆ ಇದೆ. ಮರದ ಚಪ್ಪಲಿನೂ ಹಾಗೇ, ಈ ಒದ್ದೆ ನೆಲದಲ್ಲಿ ಚರ್ಮ ನೆನೆದು ಹಾಳಾಗುತ್ತೆ, ಪಾಪ್ಲರ್ ಅಥವಾ ವಿಲ್ಲೋ ಮರ ಕೊರೆದು ಮಾಡಿದ್ರೆ ಕಾಲು ಬೆಚ್ಚಗೆ ಒಣಗಿರುತ್ತೆ. ಕಾಲುವೆ ಪಕ್ಕ ಗಿಡ್ಡಕ್ಕೆ, ದಪ್ಪ ತಲೆ ಮಾಡ್ಕೊಂಡು ನಿಂತಿರೋ ಬೋಳು ಮರಗಳೂ ವಿಲ್ಲೋನೇ. ಕೆಲವು ವರ್ಷಕ್ಕೊಂದು ಸಲ ಚಳಿಗಾಲದಲ್ಲಿ ಕೊಂಬೆ ಕಡೀತಾರೆ, ಹಿಂದೆ ಆ ಕೊಂಬೆ ಹೆಣೆದು ದೊಡ್ಡ ಚಾಪೆ ಮಾಡಿ ಮೇಲೆ ಕಲ್ಲು ಹೇರಿ ಏರಿ ಬುಡದಲ್ಲಿ ಮುಳುಗಿಸ್ತಿದ್ರು, ಮಣ್ಣು ಕೊಚ್ಚಿ ಹೋಗದಿರಲಿ ಅಂತ.

ಟ್ಯೂಲಿಪ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ರೂ ಹೇಳ್ತಾರೆ. ಒಂದು ಮಾತ್ರ. ಹೊಲದಲ್ಲಿ ಬೆಳೆಯೋದು ಹೂವಿಗಲ್ಲ, ಕೆಳಗಿನ ಗಡ್ಡೆಗೆ. ಹೂವು ಪೂರ್ತಿ ಅರಳಿದ ಮೇಲೆ ಮೆಷಿನ್ ಬಿಟ್ಟು ತಲೆ ಕತ್ತರಿಸಿ ಹಾಕ್ತಾರೆ, ಶಕ್ತಿ ಎಲ್ಲಾ ಗಡ್ಡೆಗೆ ಹೋಗಲಿ ಅಂತ. ನೀವು ರೀಲ್ಸ್‌ಗೋಸ್ಕರ ಸಾಲಿನ ಮಧ್ಯೆ ಇಳಿದು ತುಳಿದ್ರೆ ಗಡ್ಡೆ ಹಾಳು, ಶೂನಲ್ಲಿ ಬಂದ ರೋಗ ಬೇರೆ ಹರಡುತ್ತೆ. ಲಿಸ್ಸೆ ಸುತ್ತಮುತ್ತ ರೈತರು ಬೇಲಿ ಹಾಕಿ ಬೋರ್ಡ್ ಬರೆದು ಬೇಡ್ಕೊಳ್ತಾರೆ, ಅಷ್ಟಾದ್ರೂ ಇಳಿಯೋರು ಇದ್ದಾರೆ, ನಮ್ಮವರೂ ಇದ್ದಾರೆ, ಕನ್ನಡದಲ್ಲಿ ಮಾತಾಡ್ತಾ ಇಳಿಯೋದನ್ನ ನಾನೇ ಕಂಡು ಹೋಗಿ ಹೇಳಿದ್ದೀನಿ. ನಮ್ಮ ರಾಗಿ ಹೊಲಕ್ಕೆ ಯಾರೋ ಹೀಗೆ ನುಗ್ಗಿದ್ರೆ ಸುಮ್ನಿರ್ತೀವಾ?

ನನಗೆ ಈ ದೇಶ ಹತ್ರ ಆಗಿದ್ದು ಇದ್ಯಾವುದರಿಂದಲೂ ಅಲ್ಲ, ಪೋಸ್ಟಲ್ಲಿ ಬಂದ ಒಂದು ಕಾಗದದಿಂದ. 2023ರ ಮಾರ್ಚ್ ಎಲೆಕ್ಷನ್ ಟೈಮಲ್ಲಿ ಮನೆಗೆ ವೋಟಿಂಗ್ ಪಾಸ್ ಬಂತು. ನನ್ನದು ಇಂಡಿಯನ್ ಪಾಸ್‌ಪೋರ್ಟ್, ತಪ್ಪಾಗಿ ಬಂದಿರ್ಬೇಕು ಅಂದ್ಕೊಂಡೆ. ತಪ್ಪಲ್ಲ. ಪ್ರಾಂತ್ಯದ ಎಲೆಕ್ಷನ್‌ಗೆ ನಾನು ವೋಟ್ ಹಾಕೋ ಹಾಗಿಲ್ಲ, ಪಾರ್ಲಿಮೆಂಟಿಗೂ ಇಲ್ಲ, ಆದ್ರೆ ವಾಟರ್‌ಸ್ಕಾಪ್‌ಗೆ ಹಾಕಬಹುದು. ವಾಟರ್‌ಸ್ಕಾಪ್ ಅಂದ್ರೆ ನೀರು ನೋಡ್ಕೊಳ್ಳೋಕೆ ಅಂತಲೇ ಇರೋ ಸರ್ಕಾರ, ದೇಶದಲ್ಲಿ ಒಟ್ಟು 21 ಇವೆ, ಬೇರು 13ನೇ ಶತಮಾನದಷ್ಟು ಹಳೇದು, ಅದರದ್ದೇ ತೆರಿಗೆ, ಅದರದ್ದೇ ಚುನಾವಣೆ. ಏರಿ ಗಟ್ಟಿ ಇದೆಯಾ, ಪೋಲ್ಡರ್‌ನಲ್ಲಿ ನೀರು ಎಷ್ಟು ಮಟ್ಟದಲ್ಲಿರಬೇಕು, ರೈತ ತನ್ನ ಪಾಲಿನ ಕಾಲುವೆ ಹೂಳು ಕಳೆ ತೆಗ್ದಿದ್ದಾನಾ, ಎಲ್ಲಾ ಅವರೇ ನೋಡೋದು. ಹಳೇ ಕಾಲದಲ್ಲಿ ತನ್ನ ಪಾಲಿನ ಏರಿ ರಿಪೇರಿ ಮಾಡೋಕೆ ಆಗದವನು ಸಲಿಕೆ ಏರಿಗೆ ಚುಚ್ಚಿ ಜಮೀನು ಬಿಟ್ಟು ಹೋಗ್ಬೇಕಿತ್ತು. ಅಷ್ಟು ಕಟ್ಟುನಿಟ್ಟು ಇದ್ದೂ 1953ರ ಫೆಬ್ರವರಿ 1ರ ಬೆಳಗಿನ ಜಾವ ಏರಿಗಳು ಒಡೆದು 1,836 ಜನ ಸತ್ತರು. ಬೂತಲ್ಲಿ ದಾರ ಕಟ್ಟಿದ ಕೆಂಪು ಪೆನ್ಸಿಲ್ ಹಿಡ್ಕೊಂಡು ಒಂದು ದುಂಡು ಕೆಂಪು ಮಾಡಿ ಬಂದೆ. ಈ ದೇಶ ನನಗೆ ಬೇರೆ ಯಾವ ದೊಡ್ಡ ಹಕ್ಕು ಕೊಡೋಕೂ ಮುಂಚೆ ನೀರಿನ ಬಗ್ಗೆ ನಿನ್ನ ಮಾತೇನು ಅಂತ ಕೇಳ್ತಲ್ಲ, ಆವತ್ತು ಕಣ್ಣು ಒದ್ದೆ ಆಗಿತ್ತು.

ನಮ್ಮನೆ ಹತ್ರ ರೋಂಡೆ ಹೂಪ್ ಅಂತ ಒಂದು ದುಂಡನೆ ಪೋಲ್ಡರ್ ಇದೆ, ಔಡರ್‌ಕೆರ್ಕ್ ಪಕ್ಕ, ಸುತ್ತ ಏರಿ ಮೇಲೆ ಸೈಕಲ್ಲಲ್ಲಿ ಸುಮಾರು 17 ಕಿಲೋಮೀಟರ್ ಸುತ್ತು. ಮನೆಗಳೆಲ್ಲಾ ಅಂಚಲ್ಲಿ, ನಡುವೆ ಬರೀ ಹುಲ್ಲು, ನೇರ ಗೆರೆ ಎಳೆದ ಹಾಗೆ ಕಾಲುವೆಗಳು. ಪಶ್ಚಿಮ ಆಫ್ರಿಕಾದಿಂದ ಬಂದ ಗ್ರುಟ್ಟೊ ಹಕ್ಕಿ ಏಪ್ರಿಲ್‌ನಲ್ಲಿ ಇಲ್ಲಿ ನೆಲದ ಮೇಲೆ ಮೊಟ್ಟೆ ಇಡುತ್ತೆ, ಉದ್ದ ಕೊಕ್ಕು, ಇಟ್ಟಿಗೆ ಬಣ್ಣದ ಎದೆ, ತನ್ನ ಹೆಸರನ್ನೇ ಕೂಗ್ತಾ ತಲೆ ಮೇಲೆ ಸುತ್ತುತ್ತೆ. ಹುಲ್ಲು ಬೇಗ ಕೊಯ್ದುಬಿಟ್ರೆ ಮರಿ ಉಳಿಯಲ್ಲ, ನೆಲ ಒಣಗಿದ್ರೆ ಕೊಕ್ಕಿಗೆ ಹುಳ ಸಿಗಲ್ಲ. ಆ ಪೀಟ್ ನೆಲ ಈಗಲೂ ಕುಸಿತಾನೇ ಇದೆ, ಕೆಲವು ಕಡೆ ವರ್ಷಕ್ಕೆ ಒಂದು ಸೆಂಟಿಮೀಟರ್‌ವರೆಗೂ. ನನ್ನ ಅಭಿಪ್ರಾಯ ಕೇಳಿದ್ರೆ ಇಂಥ ಕಡೆ ನೀರಿನ ಮಟ್ಟ ಏರಿಸ್ಬೇಕು, ರೈತನಿಗೆ ಆಗೋ ನಷ್ಟ ಎಲ್ಲರ ತೆರಿಗೆಯಿಂದ ತುಂಬಿ ಕೊಡ್ಬೇಕು, ನಾನು ಕಟ್ಟೋದಕ್ಕೆ ರೆಡಿ. ಅಲ್ಲಿ ಏರಿ ಮೇಲೆ ಹಾಲು ಮಾರೋ ರೈತರೊಬ್ಬರಿಗೆ ಇದನ್ನೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬೂಟ್ಸ್ ಕಾಲಲ್ಲಿ ಹುಲ್ಲನ್ನ ಎರಡು ಸಲ ಒತ್ತಿ ತೋರಿಸಿದ್ರು, ಸುತ್ತ ನೀರು ಉಕ್ಕಿ ಬಂತು, "ಇದರ ಮೇಲೆ ಟ್ರ್ಯಾಕ್ಟರ್ ನಿಲ್ಲಬೇಕಲ್ಲ" ಅಂದ್ರು. ಆಮೇಲೆ ಮುಂದಿನ ಎಲೆಕ್ಷನ್‌ಗೂ ವೋಟ್ ಹಾಕ್ತೀಯ ತಾನೇ ಅಂತ ಕೇಳಿದ್ರು. ಹಾಕ್ತೀನಿ ಅಂದೆ.