ಪ್ರಮಾಣಪತ್ರ ಗೋಡೆಯ ಮೇಲೆ, ಗೊಂಬೆ ಬೀರುವಿನೊಳಗೆ

ಎಲ್ಲರಿಗೂ ನಮಸ್ಕಾರ.

ವೈದ್ಯರು, ಶುಶ್ರೂಷಕಿಯರು, 108ರ ಸಿಬ್ಬಂದಿ ಒಟ್ಟಿಗೆ ಕುಳಿತಿರುವ ಮಡಿಕೇರಿಯ ಈ ಸಭೆಯಲ್ಲಿ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ಬಗ್ಗೆ ವಿವರಿಸುತ್ತಾ ಕೂರುವುದಿಲ್ಲ. ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳ, 30 ಸಲ ಒತ್ತಿ ಎರಡು ಉಸಿರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನೀವು ಹೇಳುತ್ತೀರಿ. ಬಾಯಿಗೆ ನೆನಪಿರುವುದು ಕೈಗೂ ನೆನಪಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ತರಬೇತಿ ಮುಗಿದು ಮೂರರಿಂದ ಆರು ತಿಂಗಳಾಗುವಷ್ಟರಲ್ಲಿ ಕೈ ಮರೆಯತೊಡಗುತ್ತದೆ. ಪ್ರಮಾಣಪತ್ರದ ಅವಧಿಯಾದರೋ ಎರಡು ವರ್ಷ. ಉಳಿದ ಒಂದೂವರೆ ವರ್ಷದಲ್ಲಿ ನಮ್ಮ ವಾರ್ಡಿನಲ್ಲಿ ಹೃದಯ ನಿಂತವರ ಗತಿ ಏನು?

ಬೇರೆ ಊರಿನವರಿಗಿಂತ ನಮಗೆ ಇದು ಹೆಚ್ಚು ತಟ್ಟಬೇಕು. ಇಲ್ಲಿಂದ ದೊಡ್ಡ ಆಸ್ಪತ್ರೆಗಳಿರುವ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಭಾಗಮಂಡಲದವರು ಹೊರಡುವುದು ಇನ್ನೂ ಹಿಂದಿನಿಂದ. ಜುಲೈ ತಿಂಗಳಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದರೆ ಮುಗಿಯಿತು. 2018ರ ಆಗಸ್ಟ್‌ನಲ್ಲಂತೂ ಎಷ್ಟೋ ಕಡೆ ರಸ್ತೆಯೇ ಉಳಿದಿರಲಿಲ್ಲ. ಕುಸಿದುಬಿದ್ದ ವ್ಯಕ್ತಿಯ ಎದೆಯನ್ನು ಯಾರೂ ಒತ್ತದೆ, ಹೃದಯಕ್ಕೆ ವಿದ್ಯುತ್ ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗೇ ಬಂದಿದೆ, ಬಹಳ ದೊಡ್ಡ ಮಾತು. ಆದರೆ ಸೂಜಿ ಹಾಕುವ ಹೊತ್ತಿಗೇ ಹೃದಯ ನಿಂತರೆ? ಆಗ ಬೇಕಾದದ್ದು ರಾತ್ರಿ ಪಾಳಿಯಲ್ಲಿರುವ ಶುಶ್ರೂಷಕಿಯ ಎರಡು ಕೈ.

ಸಿಪಿಆರ್ ಕಲಿಯಲು ಬಳಸುವ ಗೊಂಬೆಯ ಕಥೆ ನನಗೆ ಬಹಳ ಇಷ್ಟ, ಕೇಳಿದವರು ಮತ್ತೊಮ್ಮೆ ಕೇಳಿ. ನಾರ್ವೆಯ ಸ್ಟಾವಂಗರ್ ಊರಿನಲ್ಲಿ ಓಸ್ಮುಂಡ್ ಲೇರ್ಡಾಲ್ ಎಂಬ ಆಟಿಕೆ ತಯಾರಕರಿದ್ದರು. ಎರಡು ವರ್ಷದ ಮಗ ಟೋರೆ ನೀರಿಗೆ ಬಿದ್ದಾಗ ತಂದೆಯೇ ಎತ್ತಿ, ನೀರು ಕಕ್ಕಿಸಿ ಬದುಕಿಸಿಕೊಂಡರು. ಮುಂದೆ ಅರಿವಳಿಕೆ ವೈದ್ಯರು ಬಂದು, ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನು ಕಲಿಸಲು ಮನುಷ್ಯಾಕಾರದ ಗೊಂಬೆ ಬೇಕು ಎಂದಾಗ ಆ ತಂದೆ ಇಲ್ಲವೆನ್ನಲು ಸಾಧ್ಯವಿತ್ತೇ? ಗಂಡು ಗೊಂಬೆಯ ತುಟಿಗೆ ತುಟಿ ಇಡಲು ಗಂಡಸರು ಹಿಂಜರಿಯುತ್ತಾರೆಂದು ಹೆಣ್ಣು ಗೊಂಬೆ ಮಾಡಿದರು. ಸೆನ್ ನದಿಯಲ್ಲಿ ಮುಳುಗಿದಳೆಂದು ಹೇಳಲಾಗುವ ಅನಾಮಿಕ ಹುಡುಗಿಯ ಮುಖದ ಅಚ್ಚೊಂದು ಸಂಬಂಧಿಕರ ಮನೆಯ ಗೋಡೆಯಲ್ಲಿ ತೂಗುತ್ತಿತ್ತು; ಆ ಮುಖವನ್ನೇ ಕೊಟ್ಟರು. 1960ರಲ್ಲಿ ಗೊಂಬೆ ಹೊರಬಂತು. ಅದೇ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೂವರು, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು ಪ್ರಕಟಿಸಿದರು. ಅರಿವಳಿಕೆ ವೈದ್ಯ ಡಾ. ಪೀಟರ್ ಸಫಾರ್ ಅವರ ಸಲಹೆಯಂತೆ ಗೊಂಬೆಯ ಎದೆಗೆ ಸ್ಪ್ರಿಂಗ್ ಸೇರಿತು. ಒತ್ತಿ ಒತ್ತಿ ಸವೆಯಲೆಂದೇ ಹುಟ್ಟಿದ ಗೊಂಬೆ ಅದು! ನಾನು ಕಂಡ ಎಷ್ಟೋ ಆಸ್ಪತ್ರೆಗಳಲ್ಲಿ ಅದು ಬೀರುವಿನೊಳಗೆ ಪ್ಲಾಸ್ಟಿಕ್ ಹೊದ್ದು ಮಲಗಿದೆ. ಬೀಗದ ಕೈ ಸ್ಟೋರಿನವರ ಬಳಿ, ಸ್ಟೋರಿನವರು ರಜೆಯಲ್ಲಿ. ಮಳೆಗಾಲ ಮುಗಿದು ತೆಗೆದರೆ ಮೈಯೆಲ್ಲ ಬೂಷ್ಟು.

ಇತ್ತೀಚೆಗೆ ಒಂದು ಕಡೆ ಗೊಂಬೆಯನ್ನು ತರಬೇತಿ ಕೋಣೆಯ ನೆಲದಿಂದ ಎತ್ತಿ ವಾರ್ಡಿನ ಮಂಚದ ಮೇಲೆ ಮಲಗಿಸಿದೆವು. ನೆಲದ ಮೇಲೆ ಸರಿಯಾಗಿ ಒತ್ತಿ ಗೊಂಬೆಯ ಹಸಿರು ದೀಪವನ್ನು ಸರಾಗವಾಗಿ ಹೊತ್ತಿಸಿದ್ದ ಹಿರಿಯ ಸ್ಟಾಫ್ ನರ್ಸ್‌ಗೆ ಮಂಚದ ಮೇಲೆ ಅದು ಆಗಲಿಲ್ಲ. ಸ್ಪಂಜಿನ ಹಾಸಿಗೆ ತಗ್ಗುತ್ತಿತ್ತು, ಎದೆ ತಗ್ಗುತ್ತಿರಲಿಲ್ಲ. ಮಂಚ ಎತ್ತರವಾಗಿ ಅವರ ಮೊಣಕೈ ಮಡಚಿಕೊಳ್ಳುತ್ತಿತ್ತು. ಅಲ್ಲಿದ್ದ ಆಯಾ ಸ್ಟೂಲ್ ಎಳೆದು ಅವರ ಕಾಲಡಿಗೆ ಇಟ್ಟರು. ಬೀರುವಿನ ಹಿಂದಿನಿಂದ ಹಲಗೆ ತಂದು ಗೊಂಬೆಯ ಬೆನ್ನಡಿಗೆ ತೂರಿಸಿದರು. ಭುಜ ಕೈಯ ನೇರಕ್ಕೆ ಬಂತು, ದೀಪ ಹಸಿರಾಯಿತು. ಹಲಗೆ ಎಲ್ಲಿದೆ ಎಂಬುದು ಆ ಪಾಳಿಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಆದರೆ ನಾವು ತರಬೇತಿಗೆ ಕರೆಯುವವರ ಪಟ್ಟಿಯಲ್ಲಿ ಆಯಾಗಳ ಹೆಸರೇ ಇರುವುದಿಲ್ಲ. ಇದು ಅನ್ಯಾಯ, ರೋಗಿಗೂ ಅನ್ಯಾಯ.

ಹಾಗಾಗಿ ನಾನು ಹೋದಲ್ಲೆಲ್ಲ ಹೇಳುವ ಮಾತನ್ನೇ ಇಲ್ಲೂ ಹೇಳುತ್ತೇನೆ: ಎರಡು ವರ್ಷಕ್ಕೊಂದು ದಿನದ ಶಿಬಿರ ಸಾಲದು. ತಿಂಗಳಿಗೊಮ್ಮೆ ಐದು ನಿಮಿಷ, ನಿಮ್ಮದೇ ವಾರ್ಡಿನಲ್ಲಿ, ನಿಮ್ಮದೇ ಮಂಚದ ಮೇಲೆ. ಕೊಡಗಿನವರಿಗೆ ಇದನ್ನು ವಿವರಿಸಬೇಕೇ? ಕೌಟುಂಬಿಕ ಹಾಕಿಗೆ ವರ್ಷಕ್ಕೊಮ್ಮೆ ಮಾತ್ರ ಸ್ಟಿಕ್ ಹಿಡಿದು ಬಂದವರು ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದದ್ದನ್ನು ಯಾರಾದರೂ ನೋಡಿದ್ದೀರಾ?

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಚೆನ್ನಾಗಿ ಒತ್ತುತ್ತಿದ್ದೇನೆ ಎಂಬ ನಿಮ್ಮ ಅನಿಸಿಕೆಯನ್ನು ನೆಚ್ಚಬೇಡಿ, ಆಳ ತೋರಿಸುವ ಗೊಂಬೆಯನ್ನು ನೆಚ್ಚಿ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ. ದಣಿದವರು ಮೊದಲು ಮರೆಯುವುದು ಇದನ್ನೇ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಾಯಿಸಿ, ದಣಿವಾಗಿಲ್ಲ ಎನಿಸಿದರೂ ಸರಿ. ವೇಗ ಹಿಡಿಯಲು ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಸಾಕು, 110ಕ್ಕೆ ಇಡಿ. ಶಾಕ್ ಕೊಡುವ ಯಂತ್ರವಾದ ಡಿಫಿಬ್ರಿಲೇಟರ್ ಬಗ್ಗೆ, ನಿಜವಾದ ಘಟನೆ ಮುಗಿದ ಮೇಲೆ ತಂಡ ಕುಳಿತು ಮಾತಾಡುವ ಬಗ್ಗೆ ಹೇಳಬೇಕೆಂದಿದ್ದೆ, ಇಂದು ಆಗುವುದಿಲ್ಲ.

ವೈದ್ಯಾಧಿಕಾರಿಗಳಲ್ಲಿ ಒಂದೇ ಕೋರಿಕೆ: ಬೀಗದ ಕೈಯನ್ನು ಈ ವಾರವೇ ನರ್ಸಿಂಗ್ ಸ್ಟೇಷನ್ನಿಗೆ ಕೊಡಿ. ಗೊಂಬೆಯ ಪಕ್ಕದಲ್ಲೊಂದು ಪುಸ್ತಕವಿಡಿ, ಒತ್ತಿದವರು ಹೆಸರು, ತಾರೀಕು ಬರೆಯಲಿ. ಮೊದಲ ಹೆಸರು ನಿಮ್ಮದೇ ಇರಲಿ, ಎರಡನೆಯದು ಆಯಾ ಅವರದು.