ರೊನ್ಸಾರನ ಗುಲಾಬಿ: ಕಿವಿಯಲ್ಲಿ ಓದುವ ಪದ್ಯ

ನಮಸ್ಕಾರ. ಫ್ರೆಂಚ್ ಓಡ್ (ಯಾರನ್ನೋ ಉದ್ದೇಶಿಸಿ ಬರೆದ ಹಾಡಿನಂಥ ಪದ್ಯ) ಅಂದ ಕೂಡಲೇ ರೇಡಿಯೋ ಆರಿಸಬೇಡಿ. ಫ್ರೆಂಚ್ ಬರದಿದ್ದರೂ ನಡೆಯುತ್ತೆ, ಎಂಟರವರೆಗೆ ಎಣಿಸಲು ಬಂದರೆ ಸಾಕು.

ಹದಿನಾರನೇ ಶತಮಾನದ ಫ್ರೆಂಚ್ ಕವಿ ಪಿಯೆರ್ ದ ರೊನ್ಸಾರ್ ಕಸಾಂದ್ರ್ ಎಂಬ ಹುಡುಗಿಗೆ ಬರೆದು 1553ರಲ್ಲಿ ಅಚ್ಚು ಹಾಕಿಸಿದ ಪುಟ್ಟ ಓಡ್ ಇದು. ಬೆಳಗ್ಗೆ ಅರಳಿದ ಗುಲಾಬಿ ಸಂಜೆಗೆ ಹೇಗಿದೆ, ನೋಡೋಣ ಬಾ ಅಂತ ಕರೀತಾನೆ. 18 ಸಾಲು, ಸಾಲಿಗೆ ಎಂಟು ಉಚ್ಚಾರ (ಸಿಲಬಲ್). ಲಘು ಗುರು ಮಾತ್ರೆ ಏನೂ ಇಲ್ಲ, ಸುಮ್ನೆ ಎಂಟು. ಆದರೆ ಕಣ್ಣಲ್ಲಿ ಎಣಿಸಬೇಡಿ, ತಪ್ಪುತ್ತೆ! ಮೂರನೇ ಸಾಲನ್ನು ಬೆರಳು ಮಡಚುತ್ತಾ ಹೇಳಿ: ಸಾ, ರೋ, ಬ, ದ, ಪೂರ್, ಪ್ರೋ, ಸೊ, ಲೇಯ್. ‘ರೋಬ್’ ಪದದ ಕೊನೆಯ ‘ಎ’ ಈಗಿನ ಮಾತಿನಲ್ಲಿ ಕೇಳಿಸುವುದೇ ಕಡಿಮೆ, ಇಲ್ಲಿ ಮುಂದೆ ವ್ಯಂಜನ ಇರುವುದರಿಂದ ಅದಕ್ಕೂ ಒಂದು ಬೆರಳು. ‘ಪೂರ್ಪ್ರ್’ ಪದದ ಅದೇ ‘ಎ’, ಮುಂದೆ ‘ಓ’ ಎಂಬ ಸ್ವರ ಬಂದಿದ್ದಕ್ಕೆ ಮಾಯ, ನಮ್ಮ ಲೋಪಸಂಧಿಯ ಹಾಗೇ. ಸಾಲಿನ ತುದಿಯಲ್ಲಿ ಬಂದರಂತೂ ಲೆಕ್ಕಕ್ಕೇ ಇಲ್ಲ. ಕಿವಿಯಲ್ಲಿ ಓದಬೇಕು ಅನ್ನೋದು ಇದಕ್ಕೇ.

ತಮಾಷೆ ಏನು ಗೊತ್ತಾ? ಇಷ್ಟೆಲ್ಲ ಮಾಡಿದವನು ಅರ್ಧ ಕಿವುಡ! ಹುಡುಗನಾಗಿದ್ದಾಗ ಅರಮನೆಯ ಸೇವೆಯಲ್ಲಿದ್ದ, ಸ್ಕಾಟ್ಲೆಂಡಿಗೂ ಹೋಗಿಬಂದಿದ್ದ. 1540ರ ಸುಮಾರಿಗೆ ಕಾಯಿಲೆ ಬಿದ್ದು ಕಿವಿ ಮಂದವಾಯಿತು. ರಾಜತಂತ್ರದ ಕೆಲಸಕ್ಕೆ ಕಿವಿ ಬೇಕಲ್ಲ, ಆ ದಾರಿ ಮುಚ್ಚಿತು. ಪ್ಯಾರಿಸ್ಸಿನಲ್ಲಿ ಗುರು ದೋರಾ ಹತ್ತಿರ ಗ್ರೀಕ್ ಕಲಿತ, ಹಳೆಯ ಗ್ರೀಕ್ ಕವಿ ಪಿಂಡಾರ್, ರೋಮನ್ ಕವಿ ಹೊರೇಸ್ ಇಬ್ಬರನ್ನೂ ಓದಿಕೊಂಡ, 1550ರಲ್ಲಿ ನಾಲ್ಕು ಭಾಗಗಳ ಓಡ್ ಸಂಗ್ರಹ ಹೊರತಂದ. 1552ರ ಪ್ರೇಮಪದ್ಯಗಳ ಪುಸ್ತಕಕ್ಕಂತೂ ನಾಲ್ಕು ದನಿಯಲ್ಲಿ ಹಾಡುವ ಸ್ವರಲಿಪಿಯೇ ಅಂಟಿಕೊಂಡು ಬಂತು. ಆಮೇಲೆ 1565ರಲ್ಲಿ ಕಾವ್ಯ ಬರೆಯುವವರಿಗೆ ಹೇಳ್ತಾನೆ: ಪದ್ಯ ಕಟ್ಟುವಾಗ ನಿಮ್ಮ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ, ಹಾಡಿದರೆ ಇನ್ನೂ ಒಳ್ಳೇದು, ದನಿ ಹೇಗಾದರೂ ಇರಲಿ ಅಂತ. ಕಿವಿ ನೆಟ್ಟಗಿರುವ ನಾವು ಮಾತ್ರ ಪದ್ಯವನ್ನು ಪೇಪರ್ ಓದಿದ ಹಾಗೆ ಓದ್ತೀವಿ.

ಸಮಯ ಆಗ್ತಾ ಬಂತು, ಪ್ರಾಸ ಬೇಗ ಹೇಳಿಬಿಡ್ತೀನಿ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಇವನದು ಸಾಲಿನ ತುದಿಯಲ್ಲಿ. ಆರು ಸಾಲಿನ ಮೂರು ನುಡಿ. ಒಂದು ಎರಡು ಜೋಡಿ, ನಾಲ್ಕು ಐದು ಜೋಡಿ, ಮೂರಕ್ಕೆ ಆರು ಉತ್ತರ ಕೊಡುತ್ತೆ: ಸೊಲೇಯ್, ಪರೇಯ್. ಭಾಮಿನಿ ಷಟ್ಪದಿ ನೆನಪಾಯ್ತಲ್ವಾ? ಅಲ್ಲಿ ಮೂರು ಮತ್ತು ಆರನೇ ಸಾಲು ಉದ್ದ; ಇಲ್ಲಿ ಉದ್ದ ಎಲ್ಲಾ ಒಂದೇ, ಆ ಕೆಲಸ ಪ್ರಾಸದ್ದು.

ಇನ್ನು ಕಟ್ಟಡ, ಅದು ವಕೀಲರ ವಾದದ ಹಾಗೆ. ಬಾ ನೋಡೋಣ, ಅಯ್ಯೋ, ಉದುರಿಹೋಗಿದೆ, ಆದ್ದರಿಂದ ಹರೆಯ ಇರುವಾಗಲೇ ಅದನ್ನು ಕೊಯ್ದುಕೋ. ವಾದ ಗಟ್ಟಿಯಾಗೇ ಇತ್ತು. ಆದರೆ ಪದ್ಯ ಅಚ್ಚಾಗುವ ಹೊತ್ತಿಗೆ ಕಸಾಂದ್ರ್‌ಗೆ ಬೇರೆಯವನ ಜೊತೆ ಮದುವೆಯಾಗಿ ಏಳು ವರ್ಷ.