ಪೋಲೆಂಡಿನ ವೈರ್‌ಮನ್, ಬ್ರಿಟನ್ನಿನ ಗೋಡೆ

ಕೇಳುಗರಿಗೆ ನಮಸ್ಕಾರ.

ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿದ್ದು 2004ರ ಮೇ 1ರಂದು. ಅಂದೇ ಪೋಲಿಶ್ ಕೆಲಸಗಾರರಿಗೆ ಬಾಗಿಲು ತೆರೆದ ಹಳೆಯ ಸದಸ್ಯ ದೇಶಗಳು ಮೂರೇ: ಬ್ರಿಟನ್, ಐರ್ಲೆಂಡ್, ಸ್ವೀಡನ್. ಬ್ರಿಟನ್ನಿಗೆ ಹೋದವರಲ್ಲಿ ಕಟ್ಟಡ ಕೆಲಸ ಬಲ್ಲವರು ಬಹಳ. ಹೊಸ ಭಾಷೆಯ ಕಷ್ಟವನ್ನು ಎಲ್ಲರೂ ಹೇಳುತ್ತಾರೆ. ಪಳಗಿದ ಕೈಯೂ ಕೆಲಸವನ್ನು ಮತ್ತೆ ಕಲಿಯಬೇಕಾಯಿತು ಎಂಬುದು ಮಾತಿಗೆ ಬರುವುದು ಅಪರೂಪ. ವೈರಿಂಗ್ ಕೆಲಸವನ್ನೇ ನೋಡಿ.

ಮೊದಲ ಅಪಾಯ ಬಣ್ಣದ್ದು. ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ನಮ್ಮ ವೈರ್‌ಮನ್‌ಗಳಿಗೂ ಇದೇ ರೂಢಿ. ಪೋಲೆಂಡಿನವನಿಗೋ ಕಪ್ಪು ಎಂದರೆ ಫೇಸ್, ನೀಲಿ ನ್ಯೂಟ್ರಲ್. 2006ರ ಏಪ್ರಿಲ್‌ನಿಂದ ಬ್ರಿಟನ್ನಿನ ಹೊಸ ಕೆಲಸಕ್ಕೂ ಕಂದು ಫೇಸ್, ನೀಲಿ ನ್ಯೂಟ್ರಲ್ ಕಡ್ಡಾಯವಾಯಿತು. ಆದರೆ ಗೋಡೆಯೊಳಗಿನ ಹಳೆಯ ತಂತಿ ಹಾಗೇ ಇದೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಸೇರುತ್ತವೆ. ಬಣ್ಣ ನೋಡಿ ಕೈ ಹಾಕುವ ಹಾಗಿಲ್ಲ, ಟೆಸ್ಟರ್ ಇಟ್ಟೇ ನೋಡಬೇಕು.

ಎರಡನೆಯದು ರಿಂಗ್ ಸರ್ಕ್ಯೂಟ್. ಪೋಲೆಂಡಿನಲ್ಲಿ ಬೋರ್ಡಿನಿಂದ ಹೊರಟ ತಂತಿ ಕೊನೆಯ ಸಾಕೆಟ್ಟಿನಲ್ಲಿ ಮುಗಿಯುತ್ತದೆ. ಬ್ರೇಕರ್ ಸಾಮಾನ್ಯವಾಗಿ 16 ಆಂಪಿಯರ್. ಬ್ರಿಟನ್ನಿನಲ್ಲಿ 2.5 ಚದರ ಮಿಲಿಮೀಟರ್ ತಂತಿ ಸಾಕೆಟ್ಟುಗಳನ್ನೆಲ್ಲ ಸುತ್ತಿ ಮತ್ತೆ ಬೋರ್ಡಿಗೇ ಬರುತ್ತದೆ, ಬ್ರೇಕರ್ 32. ಕರೆಂಟು ಎರಡು ಕಡೆಯಿಂದ ಹಂಚಿಕೊಂಡು ಬರುವುದರಿಂದ ಅಷ್ಟು ಹೊರೆ ತಾಳುತ್ತದೆ. ಪ್ರತಿ ಪ್ಲಗ್ಗಿನೊಳಗೆ ಬೇರೆ ಫ್ಯೂಸ್, ಹೆಚ್ಚಾಗಿ 3 ಅಥವಾ 13 ಆಂಪಿಯರಿನದು. ಈ ಉಂಗುರ ನಡುವೆ ತುಂಡಾದರೂ ಸಾಕೆಟ್ಟುಗಳೆಲ್ಲ ಕೆಲಸ ಮಾಡುತ್ತಲೇ ಇರುತ್ತವೆ! ಹೊರೆಯೆಲ್ಲ ಒಂದೇ ಕಡೆಗೆ ಬಿದ್ದು ತಂತಿ ಬಿಸಿಯಾಗುತ್ತದೆ, ಬ್ರೇಕರ್ ಮಾತ್ರ ಬೀಳುವುದಿಲ್ಲ. ಆದ್ದರಿಂದ ಮೇನ್ ಆಫ್ ಮಾಡಿ, ಬೋರ್ಡಿನಲ್ಲಿ ಎರಡು ತುದಿಗಳನ್ನೂ ಬಿಡಿಸಿ, ಫೇಸಿನ ತುದಿಯಿಂದ ತುದಿಗೆ ರೋಧ ಅಳೆಯಬೇಕು. ಆಮೇಲೆ ನ್ಯೂಟ್ರಲ್, ಆಮೇಲೆ ಅರ್ಥ್. ಫೇಸೂ ನ್ಯೂಟ್ರಲ್ಲೂ ಸರಿಸುಮಾರು ಒಂದೇ ಬರಬೇಕು. ಅರ್ಥ್ ತಂತಿ 1.5 ಚದರ ಮಿಲಿಮೀಟರಿನದಾದರೆ ಅದರ ಅಳತೆ ಫೇಸಿನದರ ಸುಮಾರು 1.67 ಪಟ್ಟು.

ಇನ್ನೊಂದು ಹಳೆಯ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬರುವುದು ಒಳ್ಳೆಯದು. ಪೋಲೆಂಡಿನ ಹಳೆಯ ಫ್ಲ್ಯಾಟುಗಳಲ್ಲಿ ಎರಡೇ ತಂತಿ. ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಿದ್ದರು. ಆರ್‌ಸಿಡಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು, ಇರುವ ಬ್ರಿಟನ್ನಿನ ಮನೆಯಲ್ಲಿ ಹಾಗೆ ಮಾಡಿದರೆ ಅದು ಪದೇ ಪದೇ ಟ್ರಿಪ್ ಆಗುತ್ತದೆ.

ಇನ್ನು ಸಂಬಳ. ಸ್ವಂತ ಉದ್ಯೋಗಿಯೆಂದು ದುಡಿಯುವ ಕಟ್ಟಡ ಕೆಲಸಗಾರನ ಕೂಲಿಯಿಂದ ಗುತ್ತಿಗೆದಾರ ತೆರಿಗೆಗೆಂದು 20 ಶೇಕಡಾ ಮುರಿಯುತ್ತಾನೆ. ತೆರಿಗೆ ಇಲಾಖೆಯಲ್ಲಿ ನೋಂದಣಿ ಇಲ್ಲದಿದ್ದರೆ 30. ಮುರಿಯಬೇಕಾದದ್ದು ಕೂಲಿಯಲ್ಲಿ, ಸಾಮಾನಿನ ದುಡ್ಡಿನಲ್ಲಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯದವನ ಕೇಬಲ್ಲಿನ ಹಣಕ್ಕೂ ಕತ್ತರಿ ಬೀಳಬಹುದು. ತೆರಿಗೆ ವರ್ಷ ಮುಗಿಯುವುದು ಏಪ್ರಿಲ್ 5ಕ್ಕೆ. ಆನ್‌ಲೈನ್ ಲೆಕ್ಕಪತ್ರಕ್ಕೆ ಮುಂದಿನ ಜನವರಿ 31 ಕಡೆಯ ದಿನ. ಬೇಕಾದ್ದಕ್ಕಿಂತ ಹೆಚ್ಚು ಮುರಿದ ಹಣ ವಾಪಸ್ಸು ಬರುವುದು ಆ ಲೆಕ್ಕ ಕೊಟ್ಟ ಮೇಲೆಯೇ. ಅದಕ್ಕೆ ಗುತ್ತಿಗೆದಾರ ತಿಂಗಳು ತಿಂಗಳು ಕೊಡುವ ಕಡಿತದ ಚೀಟಿಗಳನ್ನೆಲ್ಲ ಜೋಪಾನ ಮಾಡಿರಬೇಕು.